ಅರ್ತ್ ಕಿಟ್ಟಣ್ಣನ ಎಡಗೈ

ಕಿಟ್ಟಣ್ಣ ಕೆಲಸಕ್ಕೆ ನಿಂತರೆ ಅವರ ಎಡಗೈ ಪ್ಯಾಂಟಿನ ಜೇಬು ಸೇರುತ್ತಿತ್ತು. ಗಿಟಾರ್ ಆಂಪ್ಲಿಫೈಯರಿನ ಹಿಂಬದಿ ಬಿಚ್ಚಿ, ಕರೆಂಟ್ ಹಾಕಿ, ಒಳಗೆ ಮೀಟರಿನ ಕಡ್ಡಿ ಇಳಿಸಿ ಅಳೆಯುವುದು, ತಟ್ಟಿ ನೋಡುವುದು ಎಲ್ಲಾ ಬಲಗೈ ಒಂದರಿಂದಲೇ. ಎಡಗೈ ಜೇಬಿನೊಳಗೆ ಕೀಲಿ ಗೊಂಚಲನ್ನು ಕಿಣಿಕಿಣಿ ಆಡಿಸುತ್ತಿರುತ್ತಿತ್ತು. ದೂರದಿಂದ ನೋಡಿದವರಿಗೆ ಯಾರೋ ಬಸ್ಸಿಗೆ ಕಾಯುತ್ತಾ ನಿಂತಿದ್ದಾರೆ ಅನ್ನಿಸಬೇಕು. ಇದೇನು ಸ್ಟೈಲು ಅಂತ ನಾನು ಮೊದಲ ದಿನವೇ ಕೇಳಿದ್ದೆ.

"ಸ್ಟೈಲಾ? ಒಂದ್ ಕೈಲಿ ಮುಟ್ಟಿದ್ರೆ ಕರೆಂಟು ಬೈಯ್ತದೆ. ಎರಡು ಕೈಲಿ ಮುಟ್ಟಿದ್ರೆ ಎದೆ ಮೇಲಿಂದ ದಾಟ್ಕೊಂಡು ಓಯ್ತದೆ, ಜೊತೆಗೆ ನಿನ್ನೂ ಕರ್ಕೊಂಡೋಯ್ತದೆ. ಗೊತ್ತಾಯ್ತಾ? ಈಗ ಬಾಗಿಲಿಗೆ ಅಡ್ಡ ನಿಂತ್ಕೋಬೇಡ, ಬೆಳಕು ಬಿಡು."

ನಾನು ಯಲಹಂಕದಲ್ಲಿ ಮಕ್ಕಳಿಗೆ ಗಿಟಾರ್ ಹೇಳಿಕೊಡುವವಳು. ಮದುವೆ ಸೀಸನ್ನಿನಲ್ಲಿ ಆರ್ಕೆಸ್ಟ್ರಾಗಳಿಗೆ ರಿದಮ್ ಗಿಟಾರ್ ನುಡಿಸುತ್ತೇನೆ. ಮೊದಲ ಸಲ ಒಂದು ಸೆಕೆಂಡ್‌ಹ್ಯಾಂಡ್ ಆಂಪ್ಲಿಫೈಯರ್ ಕೊಂಡಾಗ, ವಾಲ್ಯೂಮ್ ತಿರುಗಿಸಿದರೆ ಸಾಕು, ಹಪ್ಪಳ ಮುರಿದ ಹಾಗೆ ಕರಕರ ಅನ್ನುತ್ತಿತ್ತು. ಜಕ್ಕೂರಿನ ಹಳೇ ಊರಿನೊಳಗೆ ಒಬ್ಬರಿದ್ದಾರೆ, ಕೈ ಒಳ್ಳೆಯದು, ಬಾಯಿ ಮಾತ್ರ ಕೆಟ್ಟದ್ದು ಅಂತ ಯಾರೋ ಹೇಳಿದರು. ಹೋದೆ. ಸುತ್ತ ಎದ್ದಿರುವ ಅಪಾರ್ಟ್‌ಮೆಂಟುಗಳ ನಡುವೆ ಸಿಕ್ಕಿಬಿದ್ದ ಹೆಂಚಿನ ಮನೆ. ಬೀದಿ ಕಡೆಯ ಕೋಣೆಯೇ ಅವರ ಅಂಗಡಿ. ಬೋರ್ಡಿಲ್ಲ, ಕುರ್ಚಿಯಿಲ್ಲ, ಬಂದವರಿಗೆ ಬನ್ನಿ ಅನ್ನುವ ಮಾತಿಲ್ಲ.

"ಎಷ್ಟು ದಿನದಿಂದ ಇಂಗೆ ಕೂಗ್ತಾ ಐತೆ?" ಅಂದರು.

"ತಂದಾಗಿಂದ."

"ಮತ್ತೆ ಇಷ್ಟು ದಿನ ಏನ್ ಮಾಡ್ತಿದ್ದೆ? ಕೂಸಿಗೆ ಜ್ವರ ಬಂದ್ರೂ ಇಂಗೇ ಕೂತಿರ್ತೀಯಾ?"

ವಾಲ್ಯೂಮ್ ಗುಂಡಿಯ ಬುಡಕ್ಕೆ ಏನೋ ಸಿಂಪಡಿಸಿ, ಹಿಂದಕ್ಕೂ ಮುಂದಕ್ಕೂ ತಿರುಗಿಸಿ ಧೂಳು ಬಿಡಿಸಿದರು. ಕರಕರ ನಿಂತಿತು. ನಾನು ಖುಷಿಯಿಂದ ಥ್ಯಾಂಕ್ಸ್ ಅಂದರೆ, "ಥ್ಯಾಂಕ್ಸ್ ನೀನೇ ಇಟ್ಕೋ. ಇದರ ತಲೆ ಮೇಲೆ ಟೀ ಲೋಟ ಇಡ್ತೀಯ ತಾನೆ? ಗುಂಡಗೆ ಕಲೆ ಆಗೈತೆ ನೋಡು" ಅಂತ ಗದರಿದರು. ಟೀ ಲೋಟ ಇಡುತ್ತಿದ್ದದ್ದು ನಿಜ. ಅವತ್ತಿನಿಂದ ಬಿಟ್ಟೆ.

ಆಂಪ್ಲಿಫೈಯರನ್ನು ಅವರು ಡಬ್ಬ ಅನ್ನುತ್ತಿದ್ದರು. ಡಬ್ಬ ಆನ್ ಮಾಡುವ ಮುಂಚೆ ವಾಲ್ಯೂಮ್ ಸೊನ್ನೆಗೆ ಇಳಿಸಬೇಕು. ಕೇಬಲ್ ಕೀಳುವಾಗ ವೈರು ಹಿಡಿದು ಎಳೆಯಬಾರದು, ತಲೆ ಹಿಡಿದು ಕೀಳಬೇಕು. ಒಳಗೆ ಗಾಜಿನ ಬುರುಡೆಯಂಥ ವಾಲ್ವ್ ಇರುವ ಹಳೇ ಡಬ್ಬವಾದರೆ ಅದು ಬಿಸಿಯಾಗುವವರೆಗೆ ಕಾಯಬೇಕು, ಆರುವ ಮುಂಚೆ ಎತ್ತಿ ಆಟೋದಲ್ಲಿ ಕುಲುಕಬಾರದು. ಸದ್ದು ಕೆಟ್ಟರೆ ಎಲ್ಲರೂ ಮೊದಲು ಡಬ್ಬ ಬಿಚ್ಚುತ್ತಾರೆ ಅನ್ನುವುದು ಅವರಿಗೆ ತಲೆ ಕೆಡಿಸುತ್ತಿದ್ದ ವಿಷಯ. "ಮೊದಲು ಕೇಬಲ್ ಬದಲಾಯ್ಸಿ ನೋಡು. ಆಮೇಲೆ ಗಿಟಾರ್ ನೋಡು. ಆಮೇಲೆ ಡಬ್ಬ. ಅದ್ಯಾವುದೂ ಅಲ್ಲ ಅಂದ್ರೆ ನುಡ್ಸೋ ಕೈ ನೋಡ್ಕೋ. ಹಗ್ಗ ತುಂಡಾಗಿದ್ರೆ ಹಸು ಹೊಟ್ಟೆ ಕುಯ್ಯೋ ಜನ ನೀವು!" ಈ ಬೈಗುಳ ನನಗೆ ಬಾಯಿಪಾಠ. ಇವತ್ತು ನನ್ನ ಹತ್ತಿರ ಕಲಿಯುವ ಮಕ್ಕಳಿಗೆ ಇದನ್ನೇ ಬೈಗುಳ ತೆಗೆದು ಹೇಳಿಕೊಡುತ್ತೇನೆ, ಆದರೆ ಬೈಗುಳವಿಲ್ಲದೆ ಅದು ಯಾರ ತಲೆಗೂ ಹತ್ತುವುದಿಲ್ಲ.

ಅವರಿಗೆ ಎಲ್ಲಾ ಗೊತ್ತಿತ್ತು ಅಂತ ಹೊಗಳಲು ಕೂತಿಲ್ಲ ನಾನು. ಹೊಸ ತರದ ಡಬ್ಬ ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಪಕ್ಕದ ಅಪಾರ್ಟ್‌ಮೆಂಟಿನವರೊಬ್ಬರು ಹೊಸದೊಂದನ್ನು ತಂದರು, ಒಳಗೆಲ್ಲ ಕಂಪ್ಯೂಟರಿನ ಹಾಗೆ. ಕಿಟ್ಟಣ್ಣ ಬಿಚ್ಚಿದರು, ಇಣುಕಿದರು, ತಲೆ ಕೆರೆದರು. ಆಚೆ ಫ್ಲೈಯಿಂಗ್ ಸ್ಕೂಲಿನ ವಿಮಾನ ಹಾರಿಹೋಗುವವರೆಗೆ ಸುಮ್ಮನೆ ಕೂತಿದ್ದು, ಮುಚ್ಚಳ ಮುಚ್ಚಿ, "ಇದು ಡಬ್ಬ ಅಲ್ಲಾರೀ, ಮೊಬೈಲು. ಮೊಬೈಲ್ ಅಂಗಡಿಗೆ ತಗೊಂಡೋಗಿ" ಅಂದರು. ಆ ಮನುಷ್ಯ ಹೋದಮೇಲೆ ನೋಡಿದರೆ ಸ್ಕ್ರೂಗಳು ಕೆಲವು ನೆಲದ ಮೇಲೇ ಉಳಿದಿದ್ದವು. ಓಡಿಹೋಗಿ ಕೊಟ್ಟು ಬರುತ್ತೇನೆ ಅಂದರೆ, "ಬೇಡ, ಅವನ ಮುಂದೆ ಮಾನ ಓಯ್ತದೆ" ಅಂತ ಸ್ಕ್ರೂಗಳನ್ನು ಡ್ರಾಯರಿಗೆ ತಳ್ಳಿದರು. ತಪ್ಪಾಯಿತು ಅನ್ನುವುದು ಆ ಬಾಯಿಯಿಂದ ಸುಲಭಕ್ಕೆ ಹೊರಡುವ ಮಾತಲ್ಲ. ಅದನ್ನು ಆಗಲೇ ನಾನು ಗಮನಿಸಬೇಕಾಗಿತ್ತು.

ಮನೆಯೊಳಗಿನ ಭಾಗದಲ್ಲಿ ಇದ್ದವರು ಸಾವಿತ್ರಕ್ಕ, ಕಿಟ್ಟಣ್ಣನ ತಮ್ಮ ಸೀನನ ಹೆಂಡತಿ. ಕಿಟ್ಟಣ್ಣ ಮದುವೆಯಾಗಿರಲಿಲ್ಲ. ಅಣ್ಣತಮ್ಮ ಇಬ್ಬರೂ ಒಂದು ಕಾಲದಲ್ಲಿ ಆರ್ಕೆಸ್ಟ್ರಾದಲ್ಲಿದ್ದವರು. ಅಣ್ಣ ಲೀಡ್ ಗಿಟಾರ್, ತಮ್ಮ ರಿದಮ್ ನುಡಿಸುತ್ತಾ ಹಾಡುತ್ತಿದ್ದ. ಹಾಡುವಾಗಲೇ ಸ್ಟೇಜಿನ ಮೇಲೆ ಸೀನನಿಗೆ ಹಾರ್ಟ್ ಅಟ್ಯಾಕ್ ಆಗಿ ಜೀವ ಹೋಯಿತು ಅಂತ ಊರಲ್ಲೆಲ್ಲ ಹೇಳುತ್ತಿದ್ದರು. ಅವತ್ತಿನಿಂದ ಕಿಟ್ಟಣ್ಣ ಗಿಟಾರ್ ಮುಟ್ಟಲಿಲ್ಲ, ಬೇರೆಯವರ ಡಬ್ಬ ರಿಪೇರಿಗೆ ಕೂತರು. ಮಕ್ಕಳಿಲ್ಲದ ಸಾವಿತ್ರಕ್ಕ ಗಾರ್ಮೆಂಟ್ಸಿಗೆ ಹೋಗಿ ಬಂದು ಭಾವನಿಗೆ ಹೊತ್ತು ಹೊತ್ತಿಗೆ ಮುದ್ದೆ, ಸಾರು, ಅನ್ನ ಮಾಡಿ ಹಾಕುತ್ತಿದ್ದರು. ಕಡಿಮೆ ಮಾತಿನ ಹೆಂಗಸು. ತಟ್ಟೆ ತಂದು ಬಾಗಿಲ ಬಳಿ ಇಟ್ಟು, "ಭಾವ, ಊಟ" ಅಂತ ಒಂದು ಗಳಿಗೆ ನಿಂತು, ಒಳಗೆ ಹೋಗುತ್ತಿದ್ದರು.

ಕಿಟ್ಟಣ್ಣನಿಗೆ ಊರು ಇಟ್ಟ ಹೆಸರು ಅರ್ತ್ ಕಿಟ್ಟಣ್ಣ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿರುವ ದಪ್ಪ ಪಿನ್ನೇ ಅರ್ತ್. ಡಬ್ಬದೊಳಗೆ ಎಲ್ಲಾದರೂ ಕರೆಂಟು ಸೋರಿದರೆ ಅದು ಕೇಬಲ್ ಹಿಡಿದು ಗಿಟಾರಿನ ತಂತಿಗೆ ಬರದಂತೆ ನೆಲಕ್ಕೆ ಇಳಿಸುವುದು ಈ ಪಿನ್ನಿನ ಕೆಲಸ. ಅದಿಲ್ಲದಿದ್ದರೂ ಡಬ್ಬ ಚೆನ್ನಾಗಿಯೇ ಹಾಡುತ್ತದೆ. ಅಷ್ಟೇ ಅಲ್ಲ, ಸ್ಟೇಜಿನ ಮೇಲೆ ಡಬ್ಬಕ್ಕೊಂದು ಕಡೆಯಿಂದ, ಮೈಕ್‌ಸೆಟ್ಟಿಗೆ ಇನ್ನೊಂದು ಕಡೆಯಿಂದ ಕರೆಂಟು ಎಳೆದಿದ್ದರೆ ಅರ್ತ್ ಇದ್ದಾಗಲೇ ಸ್ಪೀಕರಿನಲ್ಲಿ ಗುಂಯ್ ಅಂತ ಸದ್ದು ಬರುತ್ತದೆ. ದಪ್ಪ ಪಿನ್ನು ಕಿತ್ತರೆ ಸದ್ದು ಮಾಯ. ಆರ್ಕೆಸ್ಟ್ರಾದವರಿಗೆಲ್ಲ ಗೊತ್ತಿರುವ ವಿದ್ಯೆ ಇದು. ನಮ್ಮ ಕಡೆ ಇದನ್ನು ಮಾಡದ ತಂಡವನ್ನು ನಾನು ಕಂಡಿಲ್ಲ. ಕಿಟ್ಟಣ್ಣ ಮಾತ್ರ ಪಿನ್ನು ಕಿತ್ತ ಪ್ಲಗ್ ಕಂಡರೆ ಹಾವು ತುಳಿದವರಂತೆ ಎಗರಾಡುತ್ತಿದ್ದರು. ರಿಪೇರಿಗೆ ಬಂದ ಡಬ್ಬಕ್ಕೆ ಅರ್ತ್ ಇಲ್ಲದಿದ್ದರೆ ಹಾಕಿಯೇ ಕಳಿಸುತ್ತಿದ್ದರು, ಒಂದು ಸುತ್ತು ಬೈದು.

ಅವರ ಕೀಲಿ ಗೊಂಚಲಿನಲ್ಲೂ ಅಂಥ ಒಂದು ದಪ್ಪ ಹಿತ್ತಾಳೆ ಪಿನ್ನು ನೇತಾಡುತ್ತಿತ್ತು. ಸವೆದು ಹೊಳೆಯುತ್ತಿತ್ತು. "ಇದೇನು ಕಿಟ್ಟಣ್ಣ, ತಾಯತಾನಾ?" ಅಂತ ಒಮ್ಮೆ ರೇಗಿಸಿದೆ. "ಊಂ, ಅಂಗೇ ಅಂದ್ಕೋ" ಅಂದರು.

ರಮೇಶ ಅನ್ನುವವನ ಆರ್ಕೆಸ್ಟ್ರಾದಲ್ಲಿ ನಾನು ನುಡಿಸುತ್ತಿದ್ದಾಗ ಕಿಟ್ಟಣ್ಣನೂ ಡಬ್ಬಗಳನ್ನು ನೋಡಿಕೊಳ್ಳಲು ಬರುತ್ತಿದ್ದರು. ಒಂದು ಸಂಜೆ ಚಿಕ್ಕಜಾಲದ ಛತ್ರದಲ್ಲಿ ರಿಸೆಪ್ಷನ್. ಶುರು ಮಾಡುವ ಹೊತ್ತಿಗೆ ಸರಿಯಾಗಿ ಗುಂಯ್ ಅಂತ ಸದ್ದು ಎದ್ದಿತು. ಗಂಡಿನ ಕಡೆಯವರೊಬ್ಬರು, "ಏನ್ರೀ ಇದು, ಜೇನುಗೂಡು ತಂದಿಟ್ಟಿದ್ದೀರಾ?" ಅಂತ ಸ್ಟೇಜಿಗೇ ಬಂದು ಕೂಗಾಡಿದರು.

"ಗುರು, ಆ ಪಿನ್ ಕಿತ್ತು ಬಿಸಾಕು, ಟೈಮ್ ಆಗೋಯ್ತು," ಅಂದ ರಮೇಶ.

"ಕೀಳಲ್ಲ. ಒಂದೇ ಪ್ಲಗ್ ಬೋರ್ಡು ಎಳೀತೀನಿ, ಡಬ್ಬ ಮೈಕು ಎಲ್ಲಾನೂ ಅದಕ್ಕೇ ಆಕಿ. ಸದ್ದು ತಾನಾಗೇ ಓಯ್ತದೆ. ಅರ್ಧ ಗಂಟೆ ಕೊಡು."

"ಅರ್ಧ ಗಂಟೇಲಿ ಜನ ಊಟ ಮುಗಿಸಿ ಮನೆಗೆ ಹೋಗಿರ್ತಾರೆ, ಯಾರಿಗೆ ಹಾಡೋದು? ನಿಂಗೆ? ಸರಿ ಆ ಕಡೆ!"

ರಮೇಶನೇ ಸ್ಕ್ರೂಡ್ರೈವರ್ ತೆಗೆದುಕೊಂಡ. ಕಿಟ್ಟಣ್ಣ ಹೋಗಿ ಪ್ಲಗ್ಗಿನ ಮೇಲೆ ಕೂತುಬಿಟ್ಟರು. ಅಷ್ಟು ವಯಸ್ಸಾದ ಮನುಷ್ಯ, ರೇಷ್ಮೆ ಸೀರೆ, ಸೂಟುಗಳ ಎದುರಿಗೆ, ಕಾಲು ಚಾಚಿ ನೆಲದ ಮೇಲೆ! ಇಬ್ಬರು ರಟ್ಟೆ ಹಿಡಿದು ಎಳೆದು ಪಕ್ಕಕ್ಕೆ ಹಾಕಿದರು. ಜನ ಮೊಬೈಲ್ ಎತ್ತಿ ವಿಡಿಯೋ ಮಾಡುತ್ತಾ ನಕ್ಕರು. ಅವರು ಬಿದ್ದಲ್ಲಿಂದಲೇ ಕಿರುಚಿದರು: "ಶೈಲಾ, ಗಿಟಾರ್ ಇಳ್ಸು! ಮೈಕ್ ಹತ್ರ ಓಗ್ಬೇಡ! ಇಳ್ಸಮ್ಮ, ನಿನ್ ಕಾಲಿಗೆ ಬೀಳ್ತೀನಿ!"

ನಾನು ಇಳಿಸಿದೆ. ಮುಖ ಉರಿಯುತ್ತಿತ್ತು. ರಮೇಶ ಇಬ್ಬರಿಗೂ ನಾಳೆಯಿಂದ ಬರಬೇಡಿ ಅಂದ. ಕಾರ್ಯಕ್ರಮ ನಾವಿಲ್ಲದೆ ಚೆನ್ನಾಗಿಯೇ ನಡೆಯಿತು, ಯಾರಿಗೂ ಏನೂ ಆಗಲಿಲ್ಲ. ಏನೂ ಆಗುವುದಿಲ್ಲ ಅನ್ನುವ ಧೈರ್ಯ ಇರುವುದರಿಂದಲೇ ತಾನೆ ಎಲ್ಲರೂ ಕೀಳುವುದು.

ಹೈವೇ ಪಕ್ಕದ ಟೀ ಅಂಗಡಿಯ ಕಲ್ಲಿನ ಮೇಲೆ ನಾವಿಬ್ಬರು, ಮಧ್ಯೆ ನನ್ನ ಡಬ್ಬ. ಏರ್‌ಪೋರ್ಟ್ ಕಡೆ ಕಾರುಗಳು ಸುಂಯ್ ಸುಂಯ್ ಅಂತ ಹೋಗುತ್ತಿದ್ದವು. ನಾನು ಬಾಯಿಗೆ ಬಂದಂತೆ ಬೈದೆ. "ನಿಮ್ಮ ಹುಚ್ಚಿಗೆ ನನ್ನ ಹೊಟ್ಟೆ ಮೇಲೆ ಯಾಕೆ ಹೊಡೀತೀರಾ? ಎಷ್ಟು ಕಷ್ಟಪಟ್ಟು ಸಿಕ್ಕಿದ್ದ ತಂಡ ಅದು, ಗೊತ್ತಾ?" ಅವರು ತಿರುಗಿ ಬೈಯಲಿಲ್ಲ. ಜೇಬಿನಿಂದ ಕೀಲಿ ಗೊಂಚಲು ತೆಗೆದು ಡಬ್ಬದ ಮೇಲಿಟ್ಟರು.

"ಇದು ತಾಯತ ಅಲ್ಲ ಕಣಮ್ಮ," ಅಂದರು. "ಪುಟ್ಟೇನಹಳ್ಳೀಲಿ ಗಣೇಶ ಕೂರ್ಸಿದ್ರು. ಮಳೆ ಬಂದು ಬಿಟ್ಟಿತ್ತು, ಸ್ಟೇಜೆಲ್ಲ ಒದ್ದೆ. ಡಬ್ಬ ಗುಂಯ್ ಅಂತಿತ್ತು, ಜನ ಕೂಗ್ತಿದ್ರು. ನಾನೇ ಪ್ಲಗ್ ಬಿಚ್ದೆ. ಈ ಪಿನ್ ತೆಗ್ದು ಜೇಬಿಗೆ ಆಕ್ಕೊಂಡೆ. ಸದ್ದು ನಿಂತೋಯ್ತು. ಸೀನ ನನ್ ಕಡೆ ತಿರುಗಿ ಕಣ್ ಹೊಡ್ದ, ಅಣ್ಣ ಸೂಪರ್ ಅಂತ. ಎರಡನೇ ಹಾಡು. ಕೈ ತಂತಿ ಮೇಲಿತ್ತು. ತುಟಿ ಮೈಕಿಗೆ ತಗುಲ್ತು ನೋಡು, ಅಂಗೇ ಬಿಲ್ಲಿನಂಗೆ ಬಗ್ಗೋದ. ಜನ ಸ್ಟೆಪ್ ಹಾಕ್ತಾವ್ನೆ ಅಂದ್ಕೊಂಡು ಶಿಳ್ಳೆ ಹೊಡುದ್ರು."

ನನ್ನ ಕೈಯಲ್ಲಿದ್ದ ಟೀ ಹಾಗೇ ಆರಿತು.

"ಆಸ್ಪತ್ರೇಲಿ ಹಾರ್ಟ್ ನಿಂತೋಗಿದೆ ಅಂದ್ರು. ಅದನ್ನೇ ಮನೇಲಿ ಹೇಳ್ದೆ. ಸುಳ್ಳೇನಲ್ಲವಲ್ಲ. ನಿಂತಿದ್ದು ಹಾರ್ಟೇ ತಾನೆ? ಒಂದು ಬೋರ್ಡು ಕಣಮ್ಮ. ಆವತ್ತು ಒಂದು ಬೋರ್ಡು ಎಳ್ದಿದ್ರೆ ಮುಗ್ದೋಗಿರೋದು."

"ಸಾವಿತ್ರಕ್ಕಂಗೆ ಗೊತ್ತಾ?"

"ಗೊತ್ತಿದ್ರೆ ನಂಗೆ ಅನ್ನ ಇಕ್ತಿದ್ಲಾ?" ಅಂದವರು ಗೊಂಚಲು ಎತ್ತಿ ಮತ್ತೆ ಜೇಬಿಗೆ ಹಾಕಿದರು. "ಹೇಳ್ಬೇಕು. ಹೇಳ್ತೀನಿ. ಅವಳಿಗೆ ಹೇಳ್ದೆ ಮಾತ್ರ ಸಾಯಲ್ಲ."

ಅಲ್ಲಿಂದ ಮುಂದೆ ಅವರ ಬದುಕಿಗೆ ಇದ್ದದ್ದು ಅದೊಂದೇ ಕೆಲಸ, ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿದರು. ಹಿತ್ತಲಲ್ಲಿ ಗುಂಡಿ ತೋಡಿ, ಉಪ್ಪು ಇದ್ದಿಲು ತುಂಬಿ, ಮನೆಗೆ ಹೊಸದಾಗಿ ಅರ್ತ್ ಎಳೆದರು. ಬೇಸಿಗೆಯಲ್ಲಿ ಆ ಗುಂಡಿ ಒಣಗಬಾರದೆಂದು ತುಳಸಿಗೆ ಹುಯ್ದ ಹಾಗೆ ನೀರು ಹುಯ್ಯುತ್ತಿದ್ದರು. ಸಾವಿತ್ರಕ್ಕನ ಗ್ರೈಂಡರ್, ಮಿಕ್ಸಿ, ಫ್ರಿಜ್ಜು, ಇಸ್ತ್ರಿಪೆಟ್ಟಿಗೆ ಒಂದೊಂದರ ಪ್ಲಗ್ಗನ್ನೂ ಬಿಚ್ಚಿ ಬಿಚ್ಚಿ ನೋಡುತ್ತಿದ್ದರು. ಭಾವ ಅಂದರೆ ಹಿಂಗಿರಬೇಕು ಅಂತ ಅಕ್ಕಪಕ್ಕದ ಹೆಂಗಸರು ಸಾವಿತ್ರಕ್ಕನ ಮುಂದೆ ಹೊಗಳುತ್ತಿದ್ದರು. ಆಕೆ ಹೂಂ ಅನ್ನುತ್ತಿದ್ದರು, ಅಷ್ಟೇ.

ಪ್ರತಿ ಗಣೇಶನ ಹಬ್ಬಕ್ಕೂ, "ಈ ಸಲ ಹೇಳ್ಬಿಡ್ತೀನಿ ಕಣಮ್ಮ" ಅನ್ನುವರು. ಹಬ್ಬ ಕಳೆದ ಮೇಲೆ ಹೋದರೆ ನನ್ನ ಮುಖ ನೋಡದೆ ಯಾವುದೋ ಡಬ್ಬದೊಳಗೆ ತಲೆ ತೂರಿಸಿಕೊಂಡಿರುವರು. ಒಂದು ಸಲ ನನಗೆ ತಡೆಯಲಾಗಲಿಲ್ಲ. "ಗುಂಡಿಗೆ ನೀರು ಹುಯ್ದಿದ್ದು ಸಾಕು, ಒಳಗೆ ಹೋಗಿ ಬಾಯಿ ಬಿಡಿ. ನನ್ನ ಹತ್ರ ಹೇಳಿ ಏನು ಬಂತು? ಹೋದೋನು ನನ್ನ ಗಂಡನಾ?" ಅಂದುಬಿಟ್ಟೆ. "ನೀನು ಗಿಟಾರ್ ನುಡ್ಸೋದು ಕಲ್ತ್ಕೋ, ಓಗು" ಅಂತ ಬಾಗಿಲು ಹಾಕಿಕೊಂಡರು. ಆಮೇಲೆ ಬಹಳ ದಿನ ನಾವು ಮಾತಾಡಲಿಲ್ಲ.

ಹುಷಾರಿಲ್ಲ ಅಂತ ತಿಳಿದು ಹೋದಾಗ ಅದೇ ಬೀದಿ ಕಡೆಯ ಕೋಣೆಯಲ್ಲಿ ಮಂಚ ಹಾಕಿ ಮಲಗಿಸಿದ್ದರು. ಕಿಡ್ನಿ ಕೈಕೊಟ್ಟಿತ್ತು. ಮೈ ಊದಿಕೊಂಡು, ಕಣ್ಣು ಒಳಗೆ ಹೋಗಿ, ಗುರುತೇ ಸಿಗುವಂತಿರಲಿಲ್ಲ. ಎಡಗೈ ಹೊದಿಕೆಯ ಕೆಳಗಿತ್ತು, ಅಲ್ಲಿಂದ ಕಿಣಿಕಿಣಿ ಸದ್ದು ಮಾತ್ರ ಕೇಳುತ್ತಿತ್ತು. ನಾನು ಬಗ್ಗಿ ಕಿವಿಯ ಹತ್ತಿರ, "ಕಿಟ್ಟಣ್ಣ, ಇನ್ನಾದ್ರೂ ಹೇಳ್ಬಿಡಿ" ಅಂದೆ. ತಲೆ ಆಡಿಸಿದರು.

ಸಾವಿತ್ರಕ್ಕ ಗಂಜಿ ತಂದರು. ಕಿಟ್ಟಣ್ಣ ಆಕೆಯ ಮುಖವನ್ನೇ ನೋಡಿದರು. "ಸಾವಿತ್ರಿ..." ಅಂದರು. ಆಕೆ ಲೋಟ ಹಿಡಿದು ಹಾಗೇ ನಿಂತರು. ಹೊದಿಕೆಯ ಕೆಳಗಿನ ಕಿಣಿಕಿಣಿ ನಿಂತಿತು.

"ಆ ಫ್ರಿಜ್ಜಿನ ಪ್ಲಗ್ಗು ಒಂದ್ಸಲ ಯಾರಿಗಾದ್ರೂ ತೋರ್ಸು. ಬಿಸಿಯಾಯ್ತದೆ," ಅಂದರು.

"ಆಗ್ಲಿ ಭಾವ," ಅಂದರು ಸಾವಿತ್ರಕ್ಕ. ಆದರೂ ಹೋಗಲಿಲ್ಲ. ಇನ್ನೂ ಏನೋ ಕೇಳಬೇಕೆಂಬಂತೆ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರು. ಕಿಟ್ಟಣ್ಣ ಗೋಡೆಯ ಕಡೆ ಹೊರಳಿದರು. ಆಕೆ ಲೋಟವನ್ನು ಸ್ಟೂಲಿನ ಮೇಲಿಟ್ಟು ಒಳಗೆ ಹೋದರು. ನನಗೆ ಆ ಮನುಷ್ಯನ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಬರ್ತೀನಿ ಅಂತಲೂ ಹೇಳದೆ ಎದ್ದು ಬಂದೆ. ಅದೇ ಕೊನೆ.

ತಿಥಿಯ ದಿನ ಬೀದಿಗೆ ಶಾಮಿಯಾನ ಹಾಕಿದ್ದರು. ಭಜನೆಯವರು ಬಂದು ಜಮಖಾನದ ಮೇಲೆ ಕೂತು ಮೈಕ್‌ಸೆಟ್ ಸರಿಮಾಡಿಕೊಳ್ಳುತ್ತಿದ್ದರು. ಬೆಳಗ್ಗೆ ಒಂದು ಹನಿ ಮಳೆ ಬಿದ್ದು ನೆಲ ಇನ್ನೂ ಹಸಿಯಾಗಿತ್ತು. ನನ್ನ ಕಣ್ಣು ಅಭ್ಯಾಸಬಲದಿಂದ ಪ್ಲಗ್ ಹುಡುಕಿತು. ಪ್ಲಗ್ಗೇ ಇರಲಿಲ್ಲ. ಎರಡು ಬೋಳು ವೈರುಗಳನ್ನು ಸಾಕೆಟ್ಟಿಗೆ ತುರುಕಿ, ಅಲ್ಲಾಡದಂತೆ ಬೆಂಕಿಕಡ್ಡಿ ಚುಚ್ಚಿದ್ದರು. ಕಿಟ್ಟಣ್ಣನ ಮನೆಯ ಗೋಡೆಗೆ, ಕಿಟ್ಟಣ್ಣನೇ ಅರ್ತ್ ಎಳೆದ ಸಾಕೆಟ್ಟಿಗೆ! ನಾನು ಹೋಗಿ ಸ್ವಿಚ್ ಆರಿಸಿ ವೈರು ಕಿತ್ತು ಹಾಕಿದೆ.

"ಏಯ್, ಏನಮ್ಮ ಮಾಡ್ತಿದ್ದೀಯಾ? ಸತ್ತೋರ ಮನೇಲಿ ಇದೇನು ಗಲಾಟೆ?" ಅಂತ ಭಜನೆಯ ಹಿರಿಯರು ಎದ್ದರು. ನೆಂಟರು ಸೇರಿದರು. ನಾನು ವೈರು ಬಿಡಲಿಲ್ಲ.

ಸಾವಿತ್ರಕ್ಕ ಹೊರಗೆ ಬಂದರು. ಗೋಡೆ ನೋಡಿದರು, ನನ್ನ ಕೈ ನೋಡಿದರು. "ಮೈಕ್ ಬೇಡ, ಬರೀ ಬಾಯಲ್ಲಿ ಹಾಡ್ಲಿ ಬಿಡಿ," ಅಂತ ಭಜನೆಯವರಿಗೆ ಹೇಳಿ ನನ್ನನ್ನು ಒಳಗೆ ಕರೆದುಕೊಂಡು ಹೋದರು. ಕಿಟ್ಟಣ್ಣನ ಫೋಟೋದ ಪಕ್ಕ ಮೊಳೆಗೆ ಕೀಲಿ ಗೊಂಚಲು ನೇತಾಡುತ್ತಿತ್ತು. ಆಕೆ ಪಿನ್ನನ್ನು ಬೆರಳಿನಲ್ಲಿ ಮುಟ್ಟಿದರು.

"ಇದ್ರ ಕತೆ ನಿಂಗೆ ಹೇಳಿದ್ರು, ಅಲ್ವಾ?"

"ನಿಮಗೆ... ನಿಮಗೆ ಗೊತ್ತಿತ್ತಾ ಅಕ್ಕ?"

"ಮುಂದಿನ ಸಾಲಲ್ಲೇ ಕೂತಿದ್ದೆ ಕಣಮ್ಮ ನಾನು. ಪ್ಲಗ್ ಬಿಚ್ಚಿದ್ದು ನೋಡ್ದೆ. ಏನು ಅಂತ ಆಗ ತಿಳೀಲಿಲ್ಲ. ಮಣ್ಣು ಮಾಡಿ ಬಂದ್ಮೇಲೆ ಭಾವನ ಪ್ಯಾಂಟ್ ಒಗೆಯೋಕೆ ತಗೊಂಡ್ರೆ ಜೇಬಲ್ಲಿ ಇದು ಸಿಕ್ತು. ಆಮೇಲೆ ಊರಿಗೆಲ್ಲ ಅರ್ತು ಅರ್ತು ಅಂತ ಬಡ್ಕೊಳ್ಳೋಕೆ ಶುರು ಮಾಡಿದ್ರಲ್ಲ, ಆಗ ಎಲ್ಲಾ ತಿಳೀತು."

"ಪಿನ್ನು ಏನು ಮಾಡಿದ್ರಿ?"

"ಪ್ಯಾಂಟ್ ಒಗ್ದು, ಒಣಗ್ಸಿ, ಇಸ್ತ್ರಿ ಮಾಡಿ, ಅದೇ ಜೇಬಿಗೇ ವಾಪಸ್ ಆಕ್ದೆ. ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ ದಿನಾ ತಟ್ಟೆ ಇಟ್ಟು ನಿಂತ್ಕೋತಿದ್ದೆ."

"ಹೇಳಿದ್ದಿದ್ರೆ?"

"ಬೈತಿದ್ದೆ. ನೆಲ ಬಡ್ದು, ಬಾಯ್ ಬಡ್ಕೊಂಡು, ಮನೆಯೆಲ್ಲ ಹಾರಿಹೋಗೋಂಗೆ ಬೈತಿದ್ದೆ. ಇನ್ನೇನ್ ಮಾಡಕಾಯ್ತದೆ? ಅಷ್ಟಕ್ಕೆ ಹೆದರಿದ್ರಲ್ಲಮ್ಮ ಆ ಮನುಷ್ಯ."

ನನಗೆ ಇಬ್ಬರ ಮೇಲೂ ರೇಗಿತು. ಒಂದು ಸೂರಿನ ಕೆಳಗೆ ಅಷ್ಟು ವರ್ಷ! "ನೀವಾದ್ರೂ ಒಂದು ಮಾತು ಕೇಳ್ಬೋದಿತ್ತಲ್ಲಕ್ಕ" ಅಂದೆ.

"ನಾನ್ಯಾಕೆ ಕೇಳ್ಲಿ?" ಅಂದರು. "ಹೋದೋನು ನನ್ ಗಂಡ."

ಹೊರಗೆ ಮೈಕಿಲ್ಲದ ಭಜನೆ ಶುರುವಾಗಿತ್ತು, ಒಳಗೆ ಸರಿಯಾಗಿ ಕೇಳಿಸುತ್ತಿರಲಿಲ್ಲ. ಸಾವಿತ್ರಕ್ಕ ಸೆರಗು ಸಿಕ್ಕಿಸಿಕೊಂಡು ಒಲೆಯ ಮೇಲಿಂದ ಅನ್ನ ಇಳಿಸಿದರು. ಬಾ, ಎಡೆ ಇಡೋಣ, ಹೊತ್ತಾದ್ರೆ ಭಾವಂಗೆ ಆಗಲ್ಲ ಅಂದರು. ಫೋಟೋದ ಮುಂದೆ ಎಲೆ ಹಾಸಿ, ಬಿಸಿ ಅನ್ನ ಬಡಿಸಿ, ಎಂದಿನಂತೆ ಒಂದು ಗಳಿಗೆ ಅಲ್ಲೇ ನಿಂತರು.